ಬೀಗರು ಬರುವ ತನಕ ಒಂದು ಬಾಟಲಿ

ತಂದ ಡಬ್ಬಿಯನ್ನು ತಂದವರ ಎದುರಿಗೇ ಬಿಚ್ಚಬೇಕು. ಬಿಚ್ಚದೆ ಎತ್ತಿಟ್ಟರೆ ತಂದವರಿಗೆ ಅವಮಾನ. ಜಮಖಂಡಿಯಿಂದ ಬಂದು ಪುಣೆಯ ಬಿಬವೇವಾಡಿಯಲ್ಲಿ ಕಿರಾಣಿ ಅಂಗಡಿ ಇಟ್ಟು ತಲೆ ಬೆಳ್ಳಗಾದರೂ ಶಿವಪುತ್ರಪ್ಪ ಈ ಪದ್ಧತಿಯನ್ನು ಬಿಟ್ಟವನಲ್ಲ. ಹಾಗಾಗಿ ಅಳಿಯ ಸ್ವಪ್ನಿಲ್ ಪೇಪರಿನಲ್ಲಿ ಸುತ್ತಿದ ಬಾಟಲಿಯನ್ನು ಮೇಜಿನ ಮೇಲಿಟ್ಟು ಕಾಲು ತೊಳೆಯಲು ಒಳಗೆ ಹೋದದ್ದೇ ತಡ, ಇವನು ಒಳಗೇನಿದೆ ಎಂದೂ ಕೇಳದೆ ಸ್ಕ್ರೂಡ್ರೈವರು, ಇಕ್ಕಳ ಹುಡುಕಿಕೊಂಡು ಬಂದ. ಬಿರಡೆ ಮುರಿದು ಕಿತ್ತುಬಂತು. ಬಾಟಲಿ ಕೈಯಿಂದ ಜಾರಿ ಮೂರರಲ್ಲೊಂದು ಪಾಲು ವೈನು ನೆಲದ ಪಾಲಾಯಿತು.

"ಮಾಮಾ, ಹೇ ಕಾಯ್ ಕೇಲಂತ!" ಇದೇನು ಮಾಡಿದಿರಿ ಎನ್ನುತ್ತ ಒದ್ದೆಗಾಲಲ್ಲೇ ಓಡಿಬಂದ ಸ್ವಪ್ನಿಲ್ ತಲೆಯ ಮೇಲೆ ಕೈಹೊತ್ತು ನಿಂತ. ಆಮೇಲೆ ಹೆಂಡತಿಯಿಂದ ಕಲಿತ ಹರಕುಮುರುಕು ಕನ್ನಡದಲ್ಲಿ, "ಇದು ಬಾಬಾಂದು, ನಮ್ಮ ಅಪ್ಪಾಂದು. ರವಿವಾರ ಬಾಬಾ ಬರ್ತಾರ. ನಿಮ್ಮ ಮನ್ಯಾಗ, ಅವರ ಕೈಯಾಗ ಒಡೀಬೇಕು ಅಂತ ಇತ್ತು" ಎಂದ.

ಶಿವಪುತ್ರಪ್ಪನ ಜೀವ ಕಸಿವಿಸಿಗೊಂಡಿತು. ಬೀಗರದು ನಾಶಿಕದ ಕಡೆ ದ್ರಾಕ್ಷಿ ತೋಟ. ಹಣ್ಣು ಹೋಗುವುದು ವೈನಿನ ಕಾರ್ಖಾನೆಗೆ. ಮಗಳು ರಂಜನಾಳ ಮದುವೆಯ ಮಾತಿಗೆಂದು ಅವರ ಮನೆಗೆ ಹೋದಾಗ ಅಂಗಳದಲ್ಲಿ ಕಾರ್ಖಾನೆಯ ಕ್ರೇಟುಗಳನ್ನು ಕಂಡ ಇವನು, ಅವರು ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಬಂದಿದ್ದ. ಮದುವೆ ಇವನಿಲ್ಲದೆಯೇ ನಡೆಯಿತು. ಈಗ ರಂಜನಾ ಬಸುರಿ. ಹೆಂಡತಿ ಸಾವಂತ್ರವ್ವ ಅತ್ತು ಕರೆದು ಹಟ ಹಿಡಿದ ಮೇಲೆ ಅಳಿಯನಿಗೆ ಬಾಗಿಲು ತೆರೆದಿತ್ತು. ಕುಬಸದ, ಅಂದರೆ ಸೀಮಂತದ, ಮಾತಾಡಲು ಬೀಗರು ಮೊದಲ ಸಲ ಮನೆಗೆ ಬರುವವರಿದ್ದರು, ಅದೂ ತಮ್ಮ ಬಾಟಲಿಯನ್ನು ಮುಂದೆ ಕಳಿಸಿ.

"ಬಾಬಾ ಬಳ್ಳಿ ಎಲ್ಲಾ ಕಿತ್ತುಬಿಟ್ಟಾರ ಮಾಮಾ. ಈಗ ಅಲ್ಲಿ ಟೊಮೆಟೊ. ಇದು ಕಡೀ ಬೆಳೀದು."

ಹೋಗುವಾಗ ಅಳಿಯ ಇದೊಂದು ಮಾತು ಹೇಳಿ ಹೋದ. ಅದು ಮುಳ್ಳಿನಂತೆ ಇವನೊಳಗೆ ಉಳಿಯಿತು. ಹೇಗಾದರೂ ಮಾಡಿ ರವಿವಾರದ ತನಕ ಇದನ್ನು ಕೆಡದಂತೆ ಇಡಬೇಕು. ಒಮ್ಮೆ ನೀರು ಬಿಟ್ಟು ಬಂದವನು ಈಗ ವೈನನ್ನೂ ಕೆಡಿಸಿದರೆ, ಯಾವ ಮುಖ ಇಟ್ಟುಕೊಂಡು ಅವರೆದುರು ಕೂಡುವುದು?

ಮುರಿದ ಬಿರಡೆಯನ್ನು ತೂಕದ ಕಲ್ಲಿನಿಂದ ಬಡಿದ. ಅರ್ಧ ಒಳಗೆ ಬಿತ್ತು, ಅರ್ಧ ಕೈಯಲ್ಲಿ ಉಳಿಯಿತು. ಉಪ್ಪಿನಕಾಯಿ ಭರಣಿಗೆ ಕಟ್ಟುವಂತೆ ಬಾಯಿಗೆ ಬಟ್ಟೆ ಕಟ್ಟಿ ಫ್ರಿಜ್ಜಿನ ಬಾಗಿಲು ತೆಗೆದರೆ ಸಾವಂತ್ರವ್ವ ಅಡ್ಡ ನಿಂತಳು.

"ನೈವೇದ್ಯದ ಮೊಸರಿನ ಬಾಜೂ ಇದನ್ನ ಇಡ್ತೀರಿ? ನಾಚಿಕಿ ಬರಂಗಿಲ್ಲೇನ್ರಿ?"

"ಅಳಿಯನ್ನ ಕರೀರಿ, ಕರೀರಿ ಅಂತ ಜೀವ ತಿಂದಾಕಿ ಯಾರು? ಈಗ ಅವನ ಅಪ್ಪಗ ಏನು ಉತ್ತರಾ ಕೊಡ್ಲಿ?"

"ನೀವs ಒಡದೀರಿ, ನೀವs ಕೊಡ್ರಿ."

ಯಾರನ್ನು ಕೇಳುವುದು? ಅವನಿಗೆ ಹೊಳೆದದ್ದು ಒಂದೇ ಹೆಸರು, ಪುಣೆಯಲ್ಲಿರುವ ತಮ್ಮವರ ಸಮಾಜದ ಅಧ್ಯಕ್ಷರಾದ ಅವ್ವಣ್ಣನವರು. ಸಂಜೆಯಾದರೆ ಅವರ ಕೈಯಲ್ಲಿ ಒಂದು ಸ್ಟೀಲಿನ ಲೋಟ ಇರುತ್ತದೆ. ಕೇಳಿದವರಿಗೆ ಅದು ಕಷಾಯ. ಅದರಲ್ಲಿ ಏನಿದೆ ಎಂದು ಸಮಾಜದ ಪ್ರತಿಯೊಬ್ಬರಿಗೂ ಗೊತ್ತು, ಆದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಆ ಸಂಜೆ ಸಮಾಜದ ವಚನ ವಾಚನ ಮುಗಿಯುವ ಹೊತ್ತಿಗೆ ಶಿವಪುತ್ರಪ್ಪ ಅವರ ಕಿವಿಯ ಹತ್ತಿರ ಬಗ್ಗಿ, "ಒಡದ ವೈನಿನ ಬಾಟ್ಲಿ ಕೆಡದಂಗ ಹೆಂಗ ಇಡ್ತಾರ್ರಿ?" ಎಂದು ಪಿಸುಗುಟ್ಟಿದ.

ಅವ್ವಣ್ಣನವರು ಪಿಸುಗುಟ್ಟಲಿಲ್ಲ. ಸಭೆಗೆಲ್ಲ ಕೇಳುವಂತೆ, "ವೈನು? ನನ್ನ ಕೇಳ್ತೀರಿ? ಏನ್ರಿ ಶಿವಪುತ್ರಪ್ಪ, ವಯಸ್ಸಾದ ಮ್ಯಾಲೆ ಇದೇನ್ ಚಟಾ! ಈ ಸಲ ದಾಸೋಹದ ಉಸ್ತುವಾರಿ ಬ್ಯಾರೇದವರು ನೋಡ್ಕೊಳ್ಳಲಿ ಬಿಡ್ರಿ" ಎಂದರು. ಜನರೆಲ್ಲ ತಿರುಗಿ ನೋಡಿದರು. ಹನಿಯನ್ನೂ ಮುಟ್ಟದವನು ಮುಖ ತಗ್ಗಿಸಿ ಎದ್ದು ಹೋದ. ಕುಡಿಯುವವರು ಎದೆಯುಬ್ಬಿಸಿ ಆರತಿ ತಟ್ಟೆ ಹಿಡಿದರು. ಇಂಥ ಸಮಾಜದಲ್ಲಿ ಚಟ ಬಚ್ಚಿಡಬಲ್ಲವನೇ ಗೌರವಸ್ಥ.

ಮರುದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ ಉದ್ದಿನಬೇಳೆ ಕಟ್ಟಿಸಿಕೊಳ್ಳುತ್ತ, "ಯಾವ ಬ್ರ್ಯಾಂಡ್ರಿ ಸಾವ್ಕಾರ್ರ?" ಎಂದು ಹಲ್ಲು ಕಿರಿದ. ಶಿವಪುತ್ರಪ್ಪ ಹಲ್ಲು ಕಚ್ಚಿ ಬೇಳೆ ಅಳೆದ.

ಕೊನೆಗೆ ದಾರಿ ತೋರಿಸಿದವನು ಮಾಳಿಗೆಯ ಬಾಡಿಗೆದಾರ ಕಿಟ್ಟಿ. ಮಂಡ್ಯದ ಹುಡುಗ, ಹಿಂಜವಾಡಿಯಲ್ಲಿ ಕೆಲಸ. ಕಂಪನಿಯ ಕ್ಯಾಬಿಗೆ ಕಾಯುತ್ತ ನಿಂತಿದ್ದವನು ಇವನ ಗೋಳು ಕೇಳಿ, "ಅಂಕಲ್, ಅದಕ್ಕೆ ಯಾಕಿಷ್ಟು ಟೆನ್ಷನ್? ಗಾಳಿ ತಾಗಿದ್ರೆ ಹುಳಿ ಬರುತ್ತೆ ಅಷ್ಟೇ. ಬಟ್ಟೆ ಬಿಚ್ಚಿ, ಸಣ್ಣ ಬಾಟಲ್‌ಗೆ ಕಂಠದವರೆಗೂ ತುಂಬಿ, ಟೈಟಾಗಿ ಮುಚ್ಚಳ ಹಾಕಿ ಫ್ರಿಜ್ಜಲ್ಲಿಡಿ. ಸಂಡೇವರೆಗೂ ಏನೂ ಆಗಲ್ಲ" ಎಂದ.

ಶಿವಪುತ್ರಪ್ಪನಿಗೆ ಕೂಡಲೇ ತಿಳಿಯಿತು. ಎಣ್ಣೆ ಡಬ್ಬಿಯೂ ಹಾಗೆಯೇ ಅಲ್ಲವೇ? ಅರೆಬರೆ ತುಂಬಿಟ್ಟರೆ ಕಮಟು. ಅಂಗಡಿಯ ಹಿಂದಿನ ಗೂಡಿನಿಂದ ರಬ್ಬರಿನ ಬಿಗಿ ಮುಚ್ಚಳದ ಎರಡು ಗಾಜಿನ ಬಾಟಲಿ ತೆಗೆದ. ಅಜವಾನದ ಅರ್ಕ, ಅದೇ ಓಮದ ನೀರು, ತುಂಬಿ ಮಾರುತ್ತಿದ್ದ ಬಾಟಲಿಗಳು. ಬಿಸಿನೀರು, ಸೋಡಾಪುಡಿ ಹಾಕಿ ತೊಳೆದ. ಮೂಸಿದ, ಏನೂ ಇಲ್ಲ. ಹೆಂಡತಿಗೂ ಮೂಸಿಸಿದ, ಅವಳಿಗೂ ಏನೂ ಇಲ್ಲ. ವೈನನ್ನು ಬಟ್ಟೆಯಲ್ಲಿ ಸೋಸಿ ಕಂಠಮಟ ತುಂಬಿದ. ಗಂಡನ ಪಾಡು ಕಂಡು ಕರಗಿದಳೋ ಬೇಸತ್ತಳೋ, ಸಾವಂತ್ರವ್ವ ಮೊಸರನ್ನು ಮೇಲಿನ ತಟ್ಟೆಗೆ ಸರಿಸಿ ಕೆಳಗೆ ಜಾಗ ಮಾಡಿಕೊಟ್ಟಳು.

ರವಿವಾರ ಬೀಗರು ಬಂದರು. ಬಿಳಿ ಟೋಪಿಯ, ಮಾತು ಕಡಿಮೆಯ ಎತ್ತರದ ಮುದುಕ. ರಂಜನಾ ತಾಯಿಯ ಪಕ್ಕ ಕೂತಳು. ಶಿವಪುತ್ರಪ್ಪ ವೈನನ್ನು ಮತ್ತೆ ಮೂಲ ಬಾಟಲಿಗೆ ತುಂಬಿ, ಮೊದಲೇ ಒಡೆದ ತಪ್ಪನ್ನು ಒಪ್ಪಿಕೊಂಡು, ತಾನೇ ಗ್ಲಾಸಿಗೆ ಬಗ್ಗಿಸಿ ಕೊಟ್ಟ. ಬೀಗರು ಬೆಳಕಿಗೆ ಹಿಡಿದು ಬಣ್ಣ ನೋಡಿದರು. ಕಣ್ಣು ತುಸು ಒದ್ದೆಯಾದಂತಿತ್ತು. ಒಂದು ಗುಟುಕು ಕುಡಿದರು.

"ಓವಾ?" ಎಂದರು.

ಮರಾಠಿಯಲ್ಲಿ ಓವಾ ಎಂದರೆ ಅಜವಾನ. ಸ್ವಪ್ನಿಲ್ ರುಚಿ ನೋಡಿ ಕೆಮ್ಮಿದ. ರಂಜನಾ ಗ್ಲಾಸಿಗೆ ಮೂಗು ಹಚ್ಚಿ, "ಅಪ್ಪಾ, ಗಮ್ ಅಂತ ಅಜವಾನ ಹೊಡೀಲಿಕತ್ತದಲ್ಲ!" ಎಂದಳು. ಶಿವಪುತ್ರಪ್ಪ ಗಾಬರಿಯಿಂದ ಮೂಸಿದ. ಅವನಿಗೆ ಈಗಲೂ ಏನೂ ಇಲ್ಲ. ಜನ್ಮವಿಡೀ ಮಸಾಲೆಯ ಚೀಲಗಳ ನಡುವೆ ಉಸಿರಾಡಿದ ಗಂಡಹೆಂಡಿರ ಮೂಗಿಗೆ ಅಜವಾನ ವಾಸನೆಯೇ ಅಲ್ಲ, ಬರೀ ಗಾಳಿ. ರಬ್ಬರಿನ ಮುಚ್ಚಳ ಅದೆಷ್ಟು ಅರ್ಕ ಕುಡಿದಿತ್ತೋ!

ಬೀಗರು ಗ್ಲಾಸು ಕೆಳಗಿಟ್ಟರು. ಎರಡೂ ಕೈ ಮೊಣಕಾಲ ಮೇಲೆ ಊರಿದರು, ಏಳುವವರಂತೆ. ಶಿವಪುತ್ರಪ್ಪನೂ ಅಂದು ಹೀಗೆಯೇ ಕೈ ಊರಿ ಎದ್ದಿದ್ದ.

ಅಷ್ಟರಲ್ಲೇ ಬರಬೇಕೆ ಅವ್ವಣ್ಣನವರು! ದಾಸೋಹದ ಬೀಗದಕೈ ಇಸಿದುಕೊಳ್ಳುವ ನೆಪ. ಕಣ್ಣು ಮಾತ್ರ ನೇರ ಬಾಟಲಿಯ ಮೇಲೆ. ಒಳ್ಳೆಯ ಬಟ್ಟೆಯ ಪರಸ್ಥಳದವರನ್ನು ಕಂಡು ಸ್ವರ ತಗ್ಗಿಸಿ ನಕ್ಕರು.

"ಅಜವಾನದ ವಾಸನಿ! ಕಷಾಯ ಏನ್ರಿ ಶಿವಪುತ್ರಪ್ಪ?"

ಹೌದು ಎಂದರೆ ಮುಗಿಯುತ್ತಿತ್ತು. ಮಾನ ಉಳಿಯುತ್ತಿತ್ತು, ಉಸ್ತುವಾರಿಯೂ ಮರಳಿ ಸಿಗುತ್ತಿತ್ತು. ಸಮಾಜ ಬದುಕಿರುವುದೇ ಆ ಒಂದು ಹೌದಿನ ಮೇಲೆ. ಸಾವಂತ್ರವ್ವ ಕಣ್ಣಲ್ಲೇ ಹೂಂ ಎನ್ನಿ ಎಂದಳು. ಆದರೆ ವಾರವಿಡೀ ನುಂಗಿದ್ದೆಲ್ಲ ಅವನ ಗಂಟಲಿಗೆ ಬಂದಿತ್ತು.

"ಕಷಾಯ ನಿಮ್ಮ ಲೋಟದಾಗಿಂದ್ರಿ ಅವ್ವಣ್ಣಾರ! ಇದು ವೈನು. ನಮ್ಮ ಬೀಗರ ಹೊಲದ ದ್ರಾಕ್ಷಿದು, ಅವರು ಬೆಳದದ್ದು. ಹೊಲಸು ಮಾಡಿದಾಂವ ನಾ. ಕೀಲಿಕೈ ಅಲ್ಲಿ ಮೊಳಿಗೆ ನೇತಾಕೇನಿ, ತಗೊಂಡು ನಡೀರಿ."

ಅವ್ವಣ್ಣನವರು ಬೀಗದಕೈ ತೆಗೆದುಕೊಂಡು, ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಇಳಿದು ಹೋದರು. ನಾಳೆ ಏನೇನು ಹಬ್ಬುತ್ತದೋ ಎಂದು ಸಾವಂತ್ರವ್ವ ಹಣೆ ಹಣೆ ಬಡಿದುಕೊಂಡಳು.

ಬೀಗರು ಮಗನ ಕಡೆ ತಿರುಗಿ ಏನು ನಡೆಯಿತೆಂದು ಕೇಳಿದರು. ಸ್ವಪ್ನಿಲ್ ಮರಾಠಿಯಲ್ಲಿ ಹೇಳಿದ. ಅವರು ನಗಲಿಲ್ಲ. ಮೊಣಕಾಲ ಮೇಲಿನ ಕೈ ಮಾತ್ರ ಸಡಿಲಾಯಿತು.

"ಪಾಣೀ ದ್ಯಾ" ಎಂದರು.

ಶಿವಪುತ್ರಪ್ಪ ತಾನೇ ಒಳಗೆ ಓಡಿ ತಂಬಿಗೆಯಲ್ಲಿ ನೀರು ತಂದ. ಮುದುಕ ತಲೆಯೆತ್ತಿ ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, ಖಾಲಿ ತಂಬಿಗೆಯನ್ನು ಮತ್ತೆ ಮುಂದಕ್ಕೆ ಚಾಚಿದರು. ನಿಧಾನವಾಗಿ ಒಂದು ಮಾತು ಹೇಳಿದರು. ಅದನ್ನು ತಿಳಿಯಲು ಅಂಗಡಿಯ ಮರಾಠಿಯೇ ಸಾಕಿತ್ತು. "ಆ ದಿನ ನಮ್ಮ ಮನೆಯಲ್ಲಿ ನಿಮಗೂ ಬಾಯಾರಿತ್ತು."

"ಬಾಯಾರಿತ್ರಿ" ಎಂದ ಶಿವಪುತ್ರಪ್ಪ ಕನ್ನಡದಲ್ಲೇ. "ಭಾಳ ಬಾಯಾರಿತ್ತು."

ಮತ್ತೆ ನೀರು ತರಲು ಒಳಗೆ ಹೋದವನು ನಲ್ಲಿಯ ಮುಂದೆ ತಂಬಿಗೆ ಹಿಡಿದು ಮೂಸಿದ. ಏನೂ ವಾಸನೆ ಬರಲಿಲ್ಲ. ತನ್ನ ಮೂಗಿನ ಮೇಲೆ ಇನ್ನು ಭರವಸೆ ಎಲ್ಲಿಯದು? ಬೇರೆ ತಂಬಿಗೆ ತೆಗೆದುಕೊಂಡು, ಹುಣಸೆಹಣ್ಣು ಹಚ್ಚಿ ಗಸಗಸನೆ ತಿಕ್ಕತೊಡಗಿದ. "ಅಪ್ಪಾ, ನೀರು!" ಎಂದು ಹೊರಗಿನಿಂದ ರಂಜನಾ ಕೂಗಿದಳು.

"ತಡಿ, ಬಂದೆ!" ಎಂದು ರೇಗಿ, ಇನ್ನೊಮ್ಮೆ ತಿಕ್ಕಿದ.