ಪಟ್ಟಿಯಲ್ಲಿಲ್ಲದ ಬೋಟು

ಮಧ್ಯಾಹ್ನ ಮೂರು ಗಂಟೆ ಹದಿನೆಂಟು ನಿಮಿಷ. ಇದು ಗಡಿಯಾರ ನೋಡಿ ತಿಳಿದದ್ದಲ್ಲ, ಮರುದಿನ ಡೇಟಾಬೇಸಿನಲ್ಲಿ ಕಂಡದ್ದು. ಆ ನಿಮಿಷದಲ್ಲಿ ನನ್ನ ತಮ್ಮ ದುಡಿಯುವ ಬೋಟಿನ ಹೆಸರಿನ ಮುಂದಿದ್ದ ‘ಕಡಲಲ್ಲಿ’ ಎಂಬುದು ‘ಬಂದಿದೆ’ ಎಂದು ಬದಲಾಗಿತ್ತು. ಬದಲಿಸಿದವರ ಜಾಗದಲ್ಲಿ ನನ್ನ ಹೆಸರಿತ್ತು. ಆಗ ನಾನು ಅಮ್ಮನನ್ನು ಕಣ್ಣಿನ ಡಾಕ್ಟರರಿಗೆ ತೋರಿಸಿ, ಮನೆಗೆ ಹೋಗಲು ಹಂಪನಕಟ್ಟೆಯಲ್ಲಿ ಕುಲಶೇಖರದ ಬಸ್ಸು ಹತ್ತಿಸುತ್ತಿದ್ದೆ.

ಮೀನು ಹಿಡಿಯುವ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ, ಬೋಟು ಮಾಲೀಕರ ಸಂಘದ ಆಫೀಸಿನಲ್ಲಿ ನನಗೆ ಕೆಲಸ. ಯಾವ ಬೋಟು ಹೋಯಿತು, ಯಾವುದು ಬಂತು ಎಂಬುದನ್ನು ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದರು. ಅಕ್ಷರ ನೋಡಿದರೆ ಬರೆದವರು ಯಾರೆಂದು ಗೊತ್ತಾಗುತ್ತಿತ್ತು. ಅದರ ಬದಲಿಗೆ ನಾನು ಒಂದು ಆ್ಯಪ್ ಮಾಡಿದೆ. ಕೋಡ್ ಬರೆಯುವ ಕಷ್ಟವಿಲ್ಲ, ಪರದೆಯ ಮೇಲೆ ಪೆಟ್ಟಿಗೆಗಳನ್ನೂ ಬಟನ್‌ಗಳನ್ನೂ ಎಳೆದು ಕೂರಿಸಿದರೆ ಆಯಿತು. ಡೇಟಾಬೇಸಿಗೆ ಸೇರಿಸಲು ಒಂದು ಕನೆಕ್ಷನ್ ಬೇಕಿತ್ತು. ನನ್ನ ಹೆಸರು, ನನ್ನ ಪಾಸ್‌ವರ್ಡ್ ಕೊಟ್ಟೆ. ಹನ್ನೆರಡು ಜನರಿಗೆ ಆ್ಯಪ್ ಹಂಚಿದಾಗ ಯಾರಿಗೂ ಪಾಸ್‌ವರ್ಡ್ ಕೇಳಲಿಲ್ಲ, ಎಲ್ಲರಿಗೂ ಕೂಡಲೇ ತೆರೆಯಿತು. ಅದು ನನ್ನ ಜಾಣತನವೆಂದೇ ತಿಳಿದೆ. ಆ್ಯಪಿನ ಜೊತೆಗೆ ನನ್ನ ಕನೆಕ್ಷನ್ನನ್ನೂ ಹಂಚಿದ್ದೇನೆ, ಅದು ಸಿಕ್ಕವರು ಬೇರೆ ಆ್ಯಪ್ ಮಾಡಿಕೊಂಡು ಯಾವ ಪಟ್ಟಿಯನ್ನು ಬೇಕಾದರೂ ತಿದ್ದಬಹುದು ಎಂದು ಹೊಳೆಯಲಿಲ್ಲ.

ಅಂದು ನಾಲ್ಕೂವರೆಗೆ ಗಾಳಿಯ ಎಚ್ಚರಿಕೆ ಬಂತು. ಕಡಲಲ್ಲಿರುವ ಬೋಟುಗಳು ಹತ್ತಿರದ ಬಂದರು ಸೇರಬೇಕು. ಆಫೀಸಿನ ವಯರ್‌ಲೆಸ್ಸಿನ ಮುಂದೆ ಕೂರುವವರು ಒಂದು ಕಾಲದಲ್ಲಿ ಬೋಟು ನಡೆಸಿದವರು. ನಮಗೆಲ್ಲ ಅವರು ಈಗಲೂ ತಾಂಡೇಲರೇ. ಅವರಿಗೆ ಕಡಲಲ್ಲಿರುವ ಬೋಟುಗಳ ಪಟ್ಟಿ ಪ್ರಿಂಟ್ ಮಾಡಿ ಕೊಟ್ಟವಳು ನಾನೇ. ಕೊಡುವ ಮೊದಲು ಓದಿ ನೋಡಲಿಲ್ಲ. ಅವರು ಒಂದೊಂದೇ ಬೋಟನ್ನು ಕರೆದರು. ದೂರದವರಿಗೆ ನಡುವಿನ ಬೋಟುಗಳು ಸುದ್ದಿ ದಾಟಿಸಿದವು.

ಆರು ಗಂಟೆಗೆ ಕಾಗದ ನನ್ನ ಕೈಗೆ ಕೊಟ್ಟು, “ಎಲ್ಲರಿಗೂ ಮುಟ್ಟಿತು” ಎಂದರು.

ಆಗ ಕಣ್ಣಾಡಿಸಿದೆ. “ತಮ್ಮನ ಬೋಟು ಎಲ್ಲಿ?”

ಅವರು ಫೋನಿನಲ್ಲಿ ಆ್ಯಪ್ ತೆರೆದು ನೋಡಿದರು. “ಅದು ಬಂದಿದೆಯಲ್ಲ. ನೀನೇ ಬರೆದಿದ್ದೀ ಮಾರಾಯ್ತಿ.”

ಹೊರಗೆ ಓಡಿ ನೋಡಿದೆ. ಆ ಬೋಟು ಕಟ್ಟುವ ಜಾಗ ಖಾಲಿ ಇತ್ತು. ಅಮ್ಮನಿಗೆ ಫೋನ್ ಮಾಡಿ ತಮ್ಮ ಬಂದನಾ ಎಂದು ಕೇಳಿದೆ.

“ನಾಡಿದ್ದು ಅಲ್ವಾ ಬರುವುದು? ಎಂತ, ಈಗಲೇ ನೆನಪಾಯ್ತಾ ತಮ್ಮನದು?”

“ಸುಮ್ಮನೆ ಕೇಳಿದೆ” ಎಂದೆ.

ತಾಂಡೇಲರು ಕರೆದರು, ಕರೆದರು. ಉತ್ತರವಿಲ್ಲ. ಅದರಲ್ಲಿ ಏಳು ಜನ. ಸುದ್ದಿ ದಾಟಿಸಬಲ್ಲ ಬೋಟುಗಳೆಲ್ಲ ನಮ್ಮ ಮಾತು ಕೇಳಿಯೇ ದಡದ ಕಡೆ ತಿರುಗಿದ್ದವು. ಅವು ಹತ್ತಿರ ಬಂದಷ್ಟೂ ತಮ್ಮ ದೂರವಾಗುತ್ತಿದ್ದ. ನಾನು ಎದ್ದು ನಿಂತೆ, ಕೂತೆ, ಕಾಗದವನ್ನು ಮತ್ತೆ ಓದಿದೆ, ಬೋಟಿನ ಹೆಸರು ಈಗಲಾದರೂ ಕಾಣಬಹುದೆಂಬಂತೆ.

ಏಳು ಗಂಟೆ ದಾಟಿದ ಮೇಲೆ ಒಂದು ಬೋಟು ಸಿಕ್ಕಿತು. ಎಂಜಿನ್ ಸರಿಯಿಲ್ಲದೆ ಎಲ್ಲರಿಗಿಂತ ಹಿಂದೆ ಉಳಿದದ್ದು. “ಸಣ್ಣಕ್ಕೆ ಕೇಳ್ತಾ ಉಂಟು ಅವರದ್ದು. ಹೇಳ್ತೇನೆ” ಎಂದಿತು ಆ ಸ್ವರ. ಆ ಎಂಜಿನ್ ಕೈಕೊಡದೇ ಇದ್ದಿದ್ದರೆ ಎಂಬ ಯೋಚನೆ ಈಗಲೂ ಬಸ್ಸಿನಲ್ಲಿ ಕೂತಾಗ ಬರುತ್ತದೆ. ಮರುದಿನ ಹತ್ತು ಗಂಟೆಗೆ ಏಳೂ ಜನ ಮಲ್ಪೆ ಬಂದರು ಸೇರಿದರು. ಗಾಳಿಗೆ ಚುಕ್ಕಾಣಿ ಕೋಣೆಯ ಗಾಜು ಒಡೆದು ತಮ್ಮನ ಕೈಗೆ ನಾಲ್ಕು ಹೊಲಿಗೆ ಬಿದ್ದಿತ್ತು.

ಬದಲಿಸಿದ್ದು ಯಾರೆಂದು ನಾನು ಹುಡುಕುವ ಮೊದಲೇ ಐಸ್ ಪ್ಲಾಂಟಿನ ಗುಮಾಸ್ತರು ಬಂದರು, ಆ್ಯಪ್ ಸಿಕ್ಕ ಹನ್ನೆರಡು ಜನರಲ್ಲಿ ಒಬ್ಬರು. ವಯಸ್ಸಿನಲ್ಲಿ ಹಿರಿಯರಾದರೂ ನನ್ನನ್ನು ಅಕ್ಕ ಎನ್ನುವವರು.

“ನಾನೇ ಅಕ್ಕ. ನಿಮ್ಮ ಆ್ಯಪಿನಲ್ಲಿ ಬೋಟು ಬಂದ ಮೇಲೆಯೇ ಐಸ್ ಬುಕ್ ಆಗುವುದು. ಬಂದ ಮೇಲೆ ಐಸ್ ಹೇಳುವವರು ದಕ್ಕೆಯಲ್ಲಿ ಯಾರಿದ್ದಾರೆ? ಮುಂದಿನ ಸಲದ ಮೀನಿಗೆ ಬೇಕಾದ ಐಸನ್ನು ಎರಡು ದಿನ ಮೊದಲೇ ಹೇಳಿ ಇಡುವುದು. ಅದಕ್ಕೆ ಒಂದು ಸಣ್ಣ ಸ್ಕ್ರೀನ್ ಮಾಡಿಕೊಂಡೆ. ಬುಕ್ ಒತ್ತಿದರೆ ಬೋಟು ಬಂದಿದೆ ಅಂತ ಅದೇ ಹಾಕ್ತದೆ.”

“ಯಾರನ್ನು ಕೇಳಿ ಮಾಡಿದ್ರಿ?”

“ನಿಮ್ಮ ಕನೆಕ್ಷನ್ ನನ್ನಲ್ಲಿ ಕಾಣ್ತಿತ್ತು. ಕೊಟ್ಟದ್ದೇ ಅಂದುಕೊಂಡೆ.”

ಹೌದು, ಕೊಟ್ಟದ್ದೇ. ದಕ್ಕೆಯಲ್ಲಿ ಹುಟ್ಟಿ ಬೆಳೆದೂ ಐಸಿನ ಕ್ರಮ ಮರೆತು ಆ್ಯಪ್ ಮಾಡಿದವಳೂ ನಾನೇ.

ಆ ವಾರವೇ ನನ್ನ ಪಾಸ್‌ವರ್ಡ್ ಬದಲಿಸಿ ಹಳೆಯ ಕನೆಕ್ಷನ್ ತೆಗೆದುಹಾಕಿದೆ. ಈಗ ಪ್ರತಿಯೊಬ್ಬರೂ ಅವರವರ ಹೆಸರಿನಲ್ಲೇ ಒಳಗೆ ಬರಬೇಕು. ಐಸ್ ಪ್ಲಾಂಟಿನವರು ಬೋಟಿನ ಪಟ್ಟಿಯನ್ನು ನೋಡಬಹುದು, ತಿದ್ದುವಂತಿಲ್ಲ. ಬೋಟು ಕಡಲಲ್ಲಿದ್ದಾಗಲೂ ಐಸ್ ಬುಕ್ ಆಗುತ್ತದೆ. “ಬ್ಯಾಂಕಿನವರು ಇಷ್ಟು ಕೇಳುವುದಿಲ್ಲ” ಎಂದು ಗುಮಾಸ್ತರು ಗೊಣಗಿದರು. ತಾಂಡೇಲರು ಹಳೆಯ ಪುಸ್ತಕವನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟರು.

ನಿದ್ರೆ ಮಾತ್ರ ಬರಲಿಲ್ಲ. ಹೊಲಿಗೆ ಬಿಚ್ಚುವವರೆಗೆ ತಮ್ಮ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದ. ಅವನ ಗೊರಕೆ ಕೇಳುತ್ತಿರುವಾಗಲೂ ಎದ್ದು ಫೋನಿನಲ್ಲಿ ಪಟ್ಟಿ ನೋಡುತ್ತಿದ್ದೆ.

ಅವನು ಮತ್ತೆ ಕಡಲಿಗೆ ಹೋದ ಆರನೆಯ ದಿನ ಸಂಜೆ ಗುಮಾಸ್ತರ ಫೋನ್ ಬಂತು. “ಅಕ್ಕ, ತಮ್ಮನ ಬೋಟಿಗೆ ಐಸ್ ಬುಕ್ ಮಾಡಿದೆ. ಆಮೇಲೆ ಹಳೆ ಸ್ಕ್ರೀನಿನಲ್ಲಿ ಬೋಟಿನದ್ದು ಬದಲಿಸಲಿಕ್ಕೆ ನೋಡಿದೆ. ಬಿಡಲಿಲ್ಲ ಅದು.”

“ಪುನಃ ಯಾಕೆ ಮುಟ್ಟಲಿಕ್ಕೆ ಹೋದ್ರಿ?”

“ಆಗ್ತದಾ ಅಂತ ನೋಡಬೇಕಲ್ಲ. ನಿದ್ರೆ ಇಲ್ಲದ್ದು ನಿಮಗೆ ಮಾತ್ರ ಅಂದುಕೊಂಡ್ರಾ?”

ಪಟ್ಟಿ ತೆರೆದೆ. ‘ಕಡಲಲ್ಲಿ’ ಎಂದೇ ಇತ್ತು. ಬರೆದವರ ಜಾಗದಲ್ಲಿ ತಾಂಡೇಲರ ಹೆಸರು. ಆ ರಾತ್ರಿ ಫೋನನ್ನು ಅಡುಗೆಮನೆಯಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಅಮ್ಮ ಬಾಗಿಲು ಬಡಿದಾಗ ಎಂಟು ಗಂಟೆ. ಆಫೀಸಿಗೆ ಹೋಗುವ ಬಸ್ಸು ತಪ್ಪಿತ್ತು.