ಅರಸನ ಮುಖಕ್ಕೆ ಮುಚ್ಚಿದ ಬಾಗಿಲು

ಡೆನಿಸ್ ಮಾಸ್ತರರು ಇತಿಹಾಸವನ್ನು ಬರಿದೇ ಓದಿ ಹೇಳಿದವರಲ್ಲ, ಆಡಿಸಿ ತೋರಿಸಿದವರು. ಕಿನ್ನಿಗೋಳಿಯಿಂದ ಕುವೈತಿಗೆ ಬಂದು ತಲೆ ನರೆಯುವಷ್ಟು ಕಾಲವಾಗಿತ್ತು. ಆದರೂ ಜಾಬ್ರಿಯಾದ ಆ ಖಾಸಗಿ ಶಾಲೆಯಲ್ಲಿ ಇಂಗ್ಲೆಂಡಿನ ಅರಸ ಒಂದನೆಯ ಚಾರ್ಲ್ಸನ ಪಾಠ ಬಂದಿತೆಂದರೆ ಅವರ ನಡಿಗೆಯೇ ಬೇರೆಯಾಗುತ್ತಿತ್ತು. ಬೆಂಚುಗಳನ್ನು ಎದುರುಬದುರಾಗಿ ಇರಿಸಿ ಎಂಟನೆಯ ತರಗತಿಯನ್ನು ಪಾರ್ಲಿಮೆಂಟನ್ನಾಗಿ ಮಾಡುವರು. ತನ್ನ ಅಧಿಕಾರ ದೇವರಿತ್ತದ್ದು ಎಂದು ನಂಬಿದ ಅರಸ. ತನ್ನನ್ನು ಕೇಳದೆ ತೆರಿಗೆ ಎತ್ತಕೂಡದೆಂದು ಹಟ ಹಿಡಿದ ಸಭೆ. ಸಭೆಯನ್ನೇ ವಿಸರ್ಜಿಸಿ ಅರಸನು ಒಬ್ಬಂಟಿಯಾಗಿ ಆಳಿದ ವರ್ಷಗಳು. ಕೊನೆಗೆ ಐವರು ಸದಸ್ಯರನ್ನು ಸೆರೆಹಿಡಿಯಲು ಆಯುಧಪಾಣಿಗಳೊಡನೆ ಸಭೆಗೆ ನುಗ್ಗಿದ್ದು: ಎಲ್ಲವನ್ನೂ ಮಕ್ಕಳೇ ಆಡುವರು. ಆ ಐವರು ಎಲ್ಲಿ ಎಂದು ಅರಸನು ಕೇಳಿದಾಗ ಸಭಾಧ್ಯಕ್ಷನು ಮಂಡಿಯೂರಿ, ಸಭೆಯ ಅಪ್ಪಣೆಯಿಲ್ಲದೆ ತನಗೆ ನೋಡಲು ಕಣ್ಣಿಲ್ಲ, ನುಡಿಯಲು ನಾಲಗೆಯಿಲ್ಲ ಎಂದು ಬಿನ್ನವಿಸಿದ ಪ್ರಸಂಗವನ್ನು ಮಾತ್ರ ಮಾಸ್ತರರು ತಮಗೆಂದೇ ಇರಿಸಿಕೊಂಡಿದ್ದರು. ಮಂಡಿನೋವನ್ನು ಮರೆತು ನೆಲಕ್ಕೆ ಮಂಡಿಯೂರುವರು.

ಆಟದ ಕಡೆಯ ಭಾಗ ಬಾಗಿಲಿನದು. ಅಂದಿನಿಂದ ಯಾವ ಅರಸನೂ ಆ ಸಭೆಯೊಳಗೆ ಕಾಲಿಟ್ಟಿಲ್ಲ. ಅರಮನೆಯ ದೂತ ಬಂದರೂ ಮೊದಲು ಬಾಗಿಲನ್ನು ಅವನ ಮುಖಕ್ಕೇ ಮುಚ್ಚುವುದು ಇಂದಿಗೂ ಅಲ್ಲಿನ ಪದ್ಧತಿ. ಆ ವರ್ಷ ಬಾಗಿಲು ಕಾಯುವ ಪಾತ್ರ ನುಹಾಳದಾಗಿತ್ತು. ಫಹಾಹೀಲಿನಲ್ಲಿ ಅಂಗಡಿಯಿಟ್ಟಿದ್ದ ಬಂಟ್ವಾಳದ ಬ್ಯಾರಿ ಅಝರುದ್ದೀನನ ಮಗಳು ಅವಳು.

ಈ ಸಲ ಆಟ ಬೇಡವೆಂದು ಮಾಸ್ತರರ ಹೆಂಡತಿ ಸೂಸನ್ ಮೊದಲೇ ಹೇಳಿದ್ದಳು. ಕುವೈತಿನ ಸಂಸತ್ತೂ ಆಗ ಅಲ್ಲಿನ ಅರಸರ ಆಜ್ಞೆಯಿಂದ ವಿಸರ್ಜಿತವಾಗಿತ್ತು. ಆ ವಿಚಾರವನ್ನು ಹೊರಗಿನಿಂದ ಬಂದವರು ತಮ್ಮ ಅಡುಗೆಮನೆಯಲ್ಲಿಯೂ ಎತ್ತುತ್ತಿರಲಿಲ್ಲ. ಮಾಸ್ತರರ ಇಕಾಮಾ, ಅಂದರೆ ಅಲ್ಲಿ ನೆಲಸಿರಲು ಬೇಕಾದ ಪರವಾನಗಿ, ನವೀಕರಣಕ್ಕೆ ಬಂದಿತ್ತು. ನಾಲ್ಕು ನೂರು ವರ್ಷದ ಹಳೆಯ ಕಥೆಗೆ ಹೆದರುವವರು ಯಾರು ಎಂದು ಮಾಸ್ತರರು ನಕ್ಕುಬಿಟ್ಟಿದ್ದರು.

ಆಟದ ದಿನ ಅರಸನಾಗಿದ್ದ ಹುಡುಗ ರಾನ್ಸನ್‌ನನ್ನು ಬಾಗಿಲು ತಟ್ಟಲೆಂದು ಹೊರಗೆ ಕಳುಹಿಸಿದ್ದರು. ಆ ಮಹಾರಾಜನು ನೀರು ಕುಡಿಯಲು ಹೋಗಿಬಿಟ್ಟಿದ್ದ. ತಟ್ಟಿದ ಸದ್ದು ಕೇಳಿತು, ಬಾಗಿಲು ತೆರೆಯತೊಡಗಿತು. ನುಹಾ ಅದನ್ನು ಎರಡೂ ಕೈಯಿಂದ ದೂಡಿ ಮುಚ್ಚಿ, "ಅರಸರಿಗೆ ಇಲ್ಲಿ ಪ್ರವೇಶವಿಲ್ಲ" ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರಿದಳು. ಸಭೆ ಚಪ್ಪಾಳೆ ತಟ್ಟಿತು.

ಹೊರಗೆ ನಿಂತಿದ್ದವರು ಶಾಲೆಯ ಒಡೆಯರು, ಅಲ್ಲಿನ ಶಿಕ್ಷಕರೆಲ್ಲರ ಕಫೀಲ್. ಆ ಹಿರಿಯರ ಹೊಣೆಯ ಮೇಲೆಯೇ ಇವರೆಲ್ಲರೂ ಆ ನಾಡಿನಲ್ಲಿ ಉಳಿದಿದ್ದರು. ಜೊತೆಗೆ ಮುಖ್ಯೋಪಾಧ್ಯಾಯಿನಿ ಫ್ರೀಡಾ ಬಾಯಿ. ಒಡೆಯರು ಮೆಲ್ಲನೆ ನಕ್ಕು, ಬಂದ ದಾರಿಯಲ್ಲೇ ಹಿಂದಿರುಗಿದರು. ಆ ನಗೆಯಲ್ಲಿ ಏನಿತ್ತೆಂಬುದನ್ನು ಅಂತರ್ಯಾಮಿಯಾದ ದೇವರೊಬ್ಬನೇ ಬಲ್ಲ.

ಅವರನ್ನು ಕಾರಿನವರೆಗೆ ಕಳುಹಿಸಿ ಫ್ರೀಡಾ ಬಾಯಿ ತರಗತಿಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಡೆನಿಸ್ ಮಾಸ್ಟ್ರೇ, ಕೂಗಿದ್ದು ಯಾರು?"

ಮಕ್ಕಳ ಕಣ್ಣುಗಳೆಲ್ಲ ಮಾಸ್ತರರತ್ತ ತಿರುಗಿದವು. ಸಭಾಧ್ಯಕ್ಷನ ಉತ್ತರವನ್ನು ಅವರು ಆಗಷ್ಟೇ ಕಲಿತಿದ್ದರು. "ಬಾಗಿಲಲ್ಲಿ ಕೂಗಿದ ಮಾತನ್ನು ಕಲಿಸಿಕೊಟ್ಟವನು ನಾನು, ಮಗುವಿನ ತಪ್ಪೇನೂ ಇಲ್ಲ": ಮಾಸ್ತರರು ಇಷ್ಟು ಹೇಳಿದ್ದರೆ ನುಹಾ ಆ ಶಾಲೆಯಲ್ಲೇ ಉಳಿಯುತ್ತಿದ್ದಳೇನೋ. ಇಕಾಮಾ, ಮಹಬೂಲಾದ ಬಾಡಿಗೆಯ ಮನೆ, ಸೂಸನ್ನಳ ಮುಖ, ಎಲ್ಲವೂ ಆ ಮಾತಿಗೆ ಅಡ್ಡ ನಿಂತವು. ಮಾಸ್ತರರು ನೆಲ ನೋಡಿದರು.

ನುಹಾ ತಾನಾಗಿ ಎದ್ದು ನಿಂತಳು. "ನಾನು, ಮ್ಯಾಮ್." ಅವಳನ್ನು ಶಾಲೆಯಿಂದ ಬಿಡಿಸಿ ಕರೆದೊಯ್ಯಬೇಕೆಂದು ಫ್ರೀಡಾ ಬಾಯಿ ತಂದೆಗೆ ಹೇಳಿಕಳುಹಿಸಿದರು.

ಆ ಸಂಜೆ ಮಾಸ್ತರರು ಮನಸ್ಸು ಗಟ್ಟಿ ಮಾಡಿಕೊಂಡು ಫ್ರೀಡಾ ಬಾಯಿಯ ಕೋಣೆಗೆ ಹೋದರು. ಅವರು ಬಾಯಿ ತೆರೆಯುವ ಮುನ್ನವೇ ಆಕೆ ಕೈಯೆತ್ತಿ ತಡೆದರು.

"ಕಲಿಸಿದ್ದು ನೀವೆಂದು ನನಗೆ ಗೊತ್ತಿಲ್ಲವೇ? ನಿಮ್ಮನ್ನು ಕಳಿಸಬೇಕಾದರೆ ಕಾರಣ ಬರೆಯಬೇಕು, ಅದು ಎಲ್ಲೆಲ್ಲಿಗೋ ಹೋಗುತ್ತದೆ. ಮಗುವಾದರೆ ಸುಮ್ಮನೆ ಬೇರೆ ಶಾಲೆಗೆ ಸೇರಿಕೊಳ್ಳಬಹುದು."

ಒಡೆಯರು ಏನೆಂದರು ಎಂದು ಮಾಸ್ತರರು ಕೇಳಿದರು.

"ಏನೂ ಹೇಳಲಿಲ್ಲ. ಅದೇ ನನಗೆ ಹೆದರಿಕೆ."

ಹೇಳಲೆಂದು ಕಟ್ಟಿಕೊಂಡು ಹೋದ ಮಾತನ್ನು ಮಾಸ್ತರರು ಹಾಗೆಯೇ ಹೊತ್ತು ತಂದರು.

ನುಹಾಳನ್ನು ಕರೆದೊಯ್ಯಲು ಬಂದ ಅಝರುದ್ದೀನ್ ಜಗಳವಾಡಲಿಲ್ಲ. ಮಗಳ ಚೀಲವನ್ನು ಹೆಗಲಿಗೇರಿಸಿಕೊಂಡು, ತನ್ನ ಅಂಗಡಿಯ ಲೈಸೆನ್ಸೂ ಕುವೈತಿಯೊಬ್ಬರ ಹೆಸರಿನಲ್ಲಿರುವುದನ್ನು ತಿಳಿಸಿದ. "ಎಂತ ಮಾಡುವುದು ಸಾರ್. ಇವಳಿಗೆ ಬಾಯಿ ಜಾಸ್ತಿ, ನನ್ನ ಉಮ್ಮನ ಹಾಗೆ. ಬಾಗಿಲು ಕಾಯಲಿಕ್ಕೆ ನೀವು ಸರಿಯಾದವಳನ್ನೇ ಹಿಡಿದಿರಿ."

ಮಾಸ್ತರರಿಗೆ ನಗಲಾಗಲಿಲ್ಲ. ನುಹಾ ಹತ್ತಿರ ಬಂದು, ತಂದೆಗೆ ಕೇಳದಂತೆ ಹೇಳಿದಳು: "ಸರ್, ನೀವು ನನ್ನ ಹೆಸರು ಹೇಳಲಿಲ್ಲ. ಥೇಟ್ ಆ ಸ್ಪೀಕರ್ ಹಾಗೆ."

ಅದು ಧೈರ್ಯವಾಗಿರಲಿಲ್ಲ ಮಗಳೇ ಎಂದು ಹೇಳಬೇಕಿತ್ತು. ಆದರೆ ಆ ಶಾಲೆಯಿಂದ ಅವಳು ಕೊಂಡುಹೋಗಲು ಉಳಿದಿದ್ದುದು ಆ ನಂಬಿಕೆಯೊಂದೇ. ಮಾಸ್ತರರು ತಲೆ ತಗ್ಗಿಸಿದರು. ಅವಳು ಅದನ್ನು ವಿನಯವೆಂದೇ ತಿಳಿದಳು.

ಮುಂದಿನ ಶುಕ್ರವಾರ, ಅಲ್ಲಿನ ವಾರದ ರಜೆಯಂದು, ಇಗರ್ಜಿಯಲ್ಲಿ ಎಲ್ಲರೊಡನೆ ಅವರೂ ಮಂಡಿಯೂರಿದರು. ಬಾಯಿಪಾಠವಾಗಿದ್ದ ಪ್ರಾರ್ಥನೆ ನಾಲಗೆಗೆ ಬರಲಿಲ್ಲ. ಸೂಸನ್ ಪಕ್ಕದಿಂದ ನೋಡಿ, ತಾನೇ ಸ್ವಲ್ಪ ಗಟ್ಟಿಯಾಗಿ ಹೇಳತೊಡಗಿದಳು.

ಇಕಾಮಾ ನವೀಕರಣವಾಯಿತು. ಅರಸನಿಗೂ ಸಭೆಗೂ ಯುದ್ಧವಾದ ಮುಂದಿನ ಪಾಠವನ್ನು ಮಕ್ಕಳು ಮನೆಯಲ್ಲೇ ಓದಿಕೊಳ್ಳಲೆಂದು ಅಪ್ಪಣೆಯಾಯಿತು. ತರಗತಿ ನಡೆಯುವಾಗ ಬಾಗಿಲು ತೆರೆದೇ ಇರಬೇಕೆಂಬುದು ಇನ್ನೊಂದು ಅಪ್ಪಣೆ. ಈಗ ಮೊಗಸಾಲೆಯಲ್ಲಿ ಹೆಜ್ಜೆಯ ಸಪ್ಪಳವಾದಾಗಲೆಲ್ಲ ಡೆನಿಸ್ ಮಾಸ್ತರರು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಅದು ದೂರ ಸಾಗಿದ ಮೇಲೆ, ಎಲ್ಲಿ ನಿಲ್ಲಿಸಿದ್ದೆನೆಂದು ಮಕ್ಕಳನ್ನೇ ಕೇಳುತ್ತಾರೆ.