ಟ್ರಾಬಿ ಕಾರು ಮತ್ತು ಟ್ರೊಮ್ಮರ್ ಸಹೋದರರು

ಏಗೊನ್ ಟ್ರೊಮ್ಮರ್ ಅವರ ದನಿ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಅವರು ಹೊಸಿಲಲ್ಲಿ ಕಾಲೊರೆಸಿಕೊಳ್ಳುವಷ್ಟರಲ್ಲಿ ಅದು ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತಾಗಿರುತ್ತಿತ್ತು. ಹಾಲೆ ಪಟ್ಟಣದ ರೈಲು ನಿಲ್ದಾಣದಲ್ಲಿ ಗಾಡಿಗಳು ಹೊರಡುವುದನ್ನು ಸಾರುತ್ತ ಅವರ ಯೌವನವೆಲ್ಲ ಕಳೆಯಿತು. ಬರ್ಲಿನ್ ಗೋಡೆ ಬಿದ್ದು, ಎರಡು ಜರ್ಮನಿ ಒಂದಾಗಿ, ಸಾರುವ ಕೆಲಸಕ್ಕೆ ಯಂತ್ರ ಬಂದು ಕೂತ ಮೇಲೆ ಅವರು ಮನುಷ್ಯರು ಹೊರಡುವುದನ್ನು ಸಾರತೊಡಗಿದರು. ಪೂರ್ವದ ಆ ಸೀಮೆಯಲ್ಲಿ ಸಾವಿಗೆ ಪಾದ್ರಿಯನ್ನು ಕರೆಯುವ ರೂಢಿ ತಪ್ಪಿ ಎರಡು ತಲೆಮಾರಾಗಿತ್ತು. ಹಾಗೆಂದು ಯಾರನ್ನೂ ಮಾತಿಲ್ಲದೆ ಮಣ್ಣಿಗಿಡಲು ಜನಕ್ಕೆ ಮನಸ್ಸು ಬರುತ್ತಿರಲಿಲ್ಲ. ಆ ಮಾತನ್ನು ಒದಗಿಸುವವರು ಏಗೊನ್.

ಅವರ ಬಳಿ ಮೂರು ಮುಖ್ಯ ಭಾಷಣಗಳಿದ್ದವು. ತೋಟ ಮಾಡಿದವರಿಗೆ ಒಂದು, ಬೆಟ್ಟ ಹತ್ತಿದವರಿಗೆ ಒಂದು, ವಿಶೇಷವಾಗಿ ಏನೂ ಮಾಡದವರಿಗೆ ಒಂದು. ಮೂರನೆಯದೇ ಎಲ್ಲಕ್ಕಿಂತ ಚೆನ್ನಾಗಿತ್ತು, ಏಕೆಂದರೆ ಅದನ್ನೇ ಹೆಚ್ಚು ಸಲ ತಿದ್ದುವ ಅವಕಾಶ ಸಿಕ್ಕಿತ್ತು. ನವೆಂಬರನ್ನು ಅವರು ಎಂದೂ ಸುಗ್ಗಿಕಾಲ ಎಂದು ಕರೆದವರಲ್ಲ. ಆದರೆ ಕರಿ ಕೋಟನ್ನು ಅಕ್ಟೋಬರಿನಲ್ಲೇ ಒಗೆಯಲು ಕೊಟ್ಟಿರುತ್ತಿದ್ದರು.

ಅಂಥ ಒಂದು ನವೆಂಬರಿನ ಬೆಳಿಗ್ಗೆ ಫೋನ್ ಬಂತು.

"ಏಗೊನ್, ನಾನು ರೋಸ್ವಿಟಾ. ಹೆಲ್ಮಾರ್ ಹೋಗ್ಬಿಟ್ಟ."

ಹೆಲ್ಮಾರ್ ಎಂದರೆ ಏಗೊನ್‌ರ ಸ್ವಂತ ಅಣ್ಣ. ಇಬ್ಬರೂ ಮಾತು ಬಿಟ್ಟು ಮೂವತ್ತು ವರ್ಷ ಕಳೆದಿತ್ತು. ಅತ್ತಿಗೆ ರೋಸ್ವಿಟಾ ಪ್ರತಿ ಕ್ರಿಸ್‌ಮಸ್‌ಗೂ ಒಂದು ಕಾರ್ಡ್ ಹಾಕುತ್ತಿದ್ದರು, ಕೆಳಗೆ ಇಬ್ಬರ ಹೆಸರನ್ನೂ ತಾವೇ ಬರೆದು.

"ಈ ದುಃಖದ ಗಳಿಗೆಯಲ್ಲಿ ನನ್ನ ಹೃತ್ಪೂರ್ವಕ..." ಎಂದು ದನಿ ತಾನಾಗಿಯೇ ಶುರುಮಾಡಿತು.

"ಅದನ್ನ ಅಲ್ಲೇ ಇಡು. ಆಸ್ಪತ್ರೇಲಿ ನಾನೇ ಕೇಳ್ದೆ, ನಿನ್ನ ಮಣ್ಣಿಗೆ ಯಾರು ಮಾತಾಡ್ಬೇಕು ಅಂತ. ಏಗೊನ್ನೇ ಮಾತಾಡ್ಲಿ, ಇಷ್ಟು ವರ್ಷ ಆಡದೆ ಕೂಡಿಟ್ಟಿದಾನಲ್ಲ ಅಂದ. ಶುಕ್ರವಾರ ಮಣ್ಣು. ಗುರುವಾರವೇ ಬಾ."

ಜಗಳ ಒಂದು ಕಾರಿನದು. ಕಾರಿನದು ಎಂದರೂ ತಪ್ಪಾದೀತು, ಕಾರು ಆಗ ಇರಲೇ ಇಲ್ಲ. ಇದ್ದದ್ದು ಕಾರಿನ ಸರದಿ. ಅಂದಿನ ಪೂರ್ವ ಜರ್ಮನಿಯಲ್ಲಿ ಟ್ರಾಬಿ ಬೇಕೆಂದರೆ ಹೆಸರು ಬರೆಸಿ ಕಾಯಬೇಕಿತ್ತು. ಮಗು ಹುಟ್ಟಿದಾಗ ಬರೆಸಿದರೆ ಅದಕ್ಕೆ ಮೀಸೆ ಮೂಡುವ ಹೊತ್ತಿಗೆ ಕಾರು ಬರುತ್ತಿತ್ತು, ಅದೂ ನೀವು ಕೇಳದ ಬಣ್ಣದ್ದು. ಹಾಗಾಗಿ ಮನೆಗಳಲ್ಲಿ ಚಿನ್ನಕ್ಕಿಂತ ಸರದಿಗೇ ಬೆಲೆ. ಟ್ರೊಮ್ಮರ್ ಅಪ್ಪನೂ ಒಂದು ಸರದಿ ಹಿಡಿದಿದ್ದರು. ಗೋಡೆ ಬೀಳುವ ಎರಡು ವರ್ಷ ಮುಂಚೆ ಅವರು ತೀರಿಕೊಂಡಾಗ ಅದು, ಅವರನ್ನು ಕೊನೆಯವರೆಗೆ ನೋಡಿಕೊಂಡ ಹಿರಿಮಗನ ಹೆಸರಿಗೆ ಹೋಯಿತು. ಏಗೊನ್ ಪ್ರಕಾರ ಅಪ್ಪ ಅದನ್ನು ಬರೆಸಿದ್ದೇ ಏಗೊನ್‌ರ ಮದುವೆಯ ಉಡುಗೊರೆಗೆಂದು. ಅಪ್ಪನ ಮಣ್ಣು ಮುಗಿದು ಎಲ್ಲರೂ ಕಾಫಿಗೆ ಕೂತಲ್ಲೇ ಮಾತು ಬೆಳೆಯಿತು. ಏಗೊನ್ ಅರ್ಧ ತಿಂದ ಕೇಕನ್ನು ತಟ್ಟೆಯಲ್ಲೇ ಬಿಟ್ಟು, ಅಣ್ಣನನ್ನು ಕಳ್ಳ ಎಂದು ಕರೆದು, ನಿಲ್ದಾಣಕ್ಕೆ ನಡೆದರು. ಅವರ ದನಿಗೆ ಅಕ್ಕಪಕ್ಕದ ಮನೆಯವರೂ ಆ ಮಾತಿಗೆ ಸಾಕ್ಷಿಯಾದರು.

ಅದಾದ ಮೇಲೆ ಅವರು ಅಪ್ಪ, ಅಣ್ಣ ಇದ್ದ ಗೊರ್ಲಿಟ್ಸ್ ಊರಿಗೆ ಕಾಲಿಟ್ಟದ್ದು ಈ ಗುರುವಾರವೇ. ನೈಸೆ ಹೊಳೆಯ ಮೇಲೆ ಮಂಜು ಕೂತಿತ್ತು, ಆಚೆ ದಡದ ಪೋಲೆಂಡ್ ಕಾಣುತ್ತಿರಲಿಲ್ಲ. ಬೀದಿಯಲ್ಲಿ ಎಲೆ ಗುಡಿಸಿ ಗುಡ್ಡೆ ಮಾಡಿದ್ದರು. ಬರುವ ಭಾನುವಾರ ಸತ್ತವರ ಭಾನುವಾರ, ಜನ ತಮ್ಮವರ ಗೋರಿಗೆ ಹೋಗಿ ನೆನೆಯುವ ದಿನ. ಹೂವಿನಂಗಡಿಗಳ ಮುಂದೆ ಗೋರಿ ಹೊದಿಸುವ ಫರ್ ಮರದ ಸೊಪ್ಪು ಕಟ್ಟುಕಟ್ಟಾಗಿ ಬಿದ್ದಿತ್ತು. ಏಗೊನ್‌ಗೆ ದಾರಿ ಮರೆತಿರಲಿಲ್ಲ, ಅದಕ್ಕೆ ಅವರಿಗೆ ತುಸು ಸಿಟ್ಟೇ ಬಂತು.

ಅಡುಗೆಮನೆಯಲ್ಲಿ ರೋಸ್ವಿಟಾ ಕಾಫಿ ಬಗ್ಗಿಸಿ ಗಸಗಸೆ ಕೇಕು ಮುಂದಿಟ್ಟರು. ಎಪ್ಪತ್ತೈದು ದಾಟಿದ ಸಣ್ಣ ಆಕೃತಿ, ಆದರೆ ಕತ್ತರಿಸಿದ ಕೇಕಿನ ತುಂಡು ದೊಡ್ಡದು.

"ಮೊದಲು ಒಂದು ಹೇಳು. ನೀನು ಬಂದಿರೋದು ಭಾಷಣಕ್ಕೋ, ಅಣ್ಣನ ಮಣ್ಣಿಗೋ?"

"ಏನು ವ್ಯತ್ಯಾಸ?"

"ಭಾಷಣಕ್ಕೆ ಬಂದವರು ಮಾತು ಮುಗಿಸಿ ಹೊರಡ್ತಾರೆ. ಮನೆಯವರು ಕೊನೆವರೆಗೂ ನಿಂತು, ಆಮೇಲೆ ಕಾಫಿಗೆ ಬರ್ತಾರೆ. ನಾಳೆ ಎಷ್ಟು ಕುರ್ಚಿ ಹಾಕಿಸ್ಬೇಕು ಅಂತ ಹೋಟೆಲಿನವನಿಗೆ ಹೇಳ್ಬೇಕು."

ಏಗೊನ್ ಯಾವ ಮನೆಗೆ ಹೋದರೂ ಮಾಡುವಂತೆ ಕನ್ನಡಕ ಹಾಕಿ, ಪೆನ್ನಿನ ಮುಚ್ಚಳ ತೆಗೆದು, ತಲೆ ತುಸು ವಾಲಿಸಿ ಕೇಳಿದರು, "ಮೃತರ ಮೆಚ್ಚಿನ ಹವ್ಯಾಸಗಳು ಯಾವುವು?"

"ಮೃತರಾ? ಒಂದೇ ಹಾಸಿಗೇಲಿ ಮಲಗಿ ಬೆಳೆದವರು ನೀವಿಬ್ರೂ."

"ರೂಢಿ, ರೋಸ್ವಿಟಾ."

"ತೋಟ. ಊರಾಚೆ ಒಂದು ತುಂಡು ತೋಟ ಇತ್ತಲ್ಲ, ಅಲ್ಲೇ ಬಿದ್ದಿರ್ತಿದ್ದ. ಟೊಮ್ಯಾಟೊ ಅಂದ್ರೆ ಪ್ರಾಣ."

ಏಗೊನ್‌ರ ಮುಖ ಅರಳಿತು. ತೋಟದವರ ಭಾಷಣ ಬಾಯಲ್ಲೇ ಇತ್ತು. ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಮಾದರಿಗೆಂದು ಒಂದು ಭಾಗ ಹೇಳಿಯೇಬಿಟ್ಟರು. ಬೀಜದೊಳಗೆ ಮರವನ್ನು ಕಂಡ ಕಣ್ಣು, ಮಣ್ಣಿನ ಭಾಷೆ ಬಲ್ಲ ಕೈ, ಈಗ ಆ ಮಣ್ಣೇ ತನ್ನ ಮಗನನ್ನು ಮಡಿಲಿಗೆ ಕರೆಯುತ್ತಿದೆ. ಕಿಟಕಿಯ ಗಾಜು ಸಣ್ಣಗೆ ಅದುರಿತು.

ರೋಸ್ವಿಟಾ ಕೊನೆಯವರೆಗೂ ಕೇಳಿದರು. "ಚೆನ್ನಾಗಿದೆ. ಸತ್ತಿರೋದು ಯಾರು?"

ಏಗೊನ್ ಕೂತರು. ಕೇಕಿನ ಪುಡಿಯನ್ನು ಬೆರಳಲ್ಲಿ ಒಂದು ಕಡೆಗೆ ಒತ್ತುತ್ತ, ಕೇಳಬಾರದೆಂದು ರೈಲಿನುದ್ದಕ್ಕೂ ನಿಶ್ಚಯಿಸಿಕೊಂಡಿದ್ದನ್ನು ಕೇಳಿದರು.

"ಆ ಕಾರು ಏನಾಯ್ತು?"

"ಏನಾಗತ್ತೆ? ಗೋಡೆ ಬೀಳೋಕೆ ಮೂರು ವಾರ ಇದೆ ಅನ್ನೋವಾಗ ಬಂತು. ಮುಂದಿನ ತಿಂಗಳೇ ತಗೊಂಡು ನಿನ್ನ ಹತ್ರ ಬಂದಿದ್ನಲ್ಲ."

"ಬಂದಿದ್ದ, ಗೊತ್ತು," ಎಂದರು ಏಗೊನ್. ಮೂವತ್ತು ವರ್ಷ ಹಳೆಯದಾದರೂ ಆ ಸಿಟ್ಟು ಕೈಗೆಟುಕುವ ಕಡೆಯೇ ಇತ್ತು. "ಪಕ್ಕದ ಮನೆಯಾಕೆ ಹೇಳಿದ್ಲು. ನಿಮ್ಮಣ್ಣ ಹೊಚ್ಚ ಹೊಸ ಕಾರು ತಂದು ಮನೆ ಮುಂದೆ ನಿಲ್ಸಿಕೊಂಡು ಕತ್ತಲಾಗೋವರೆಗೂ ಒಳಗೇ ಕೂತಿದ್ರು ಅಂತ. ಇಡೀ ಬೀದಿಗೆ ತೋರಿಸ್ಬೇಕಿತ್ತು ಅವನಿಗೆ. ಮೆರೆಯೋಕೆ ಐದು ಗಂಟೆ ದಾರಿ ಬಂದಿದ್ದ."

ರೋಸ್ವಿಟಾ ಕಾಫಿ ಕೆಟಲನ್ನು ಕೆಳಗಿಟ್ಟರು.

"ಮೆರೆಯೋಕಾ? ಏಗೊನ್, ಕಾರು ನಿನಗೆ ಕೊಡೋಕೆ ಬಂದಿದ್ದ. ವಾಪಸ್ ಬರೋಕೆ ರೈಲು ಟಿಕೆಟ್ ಕೂಡ ಇಲ್ಲೇ ತಗೊಂಡು ಹೋಗಿದ್ದ. ಆ ಗಾಡಿ ಹೊರಡೋದನ್ನ ನೀನೇ ಮೈಕಲ್ಲಿ ಹೇಳ್ಬೇಕು, ಅವನು ಕಿಟಕೀಲಿ ಕೂತು ಕೇಳ್ಬೇಕು ಅಂತ ಆಸೆ ಬೇರೆ. ನೀನೆಲ್ಲಿದ್ದೆ ಆವತ್ತು?"

ಏಗೊನ್ ಎಲ್ಲಿದ್ದರು? ಗೋಡೆ ಬಿದ್ದ ಮೇಲಿನ ಮೊದಲ ಶನಿವಾರ ಅದು. ಅಂದು ಇಡೀ ದೇಶದಲ್ಲಿ ಯಾರು ತಾನೇ ಮನೆಯಲ್ಲಿದ್ದರು? ಅವರೂ ಜೊತೆ ಕೆಲಸದವರ ಸಂಗಡ ಪಶ್ಚಿಮ ಬರ್ಲಿನ್ ನೋಡಲು ಹೋಗಿ, ಜನದ ನಡುವೆ ಸಿಕ್ಕಿ, ಪೂರ್ವದಲ್ಲಿ ಅಪರೂಪವಾದ ಬಾಳೆಹಣ್ಣಿನ ಒಂದು ಚಿಪ್ಪು ಹಿಡಿದು ಗಂಟೆಗಟ್ಟಲೆ ನಿಂತಿದ್ದರು. ಆ ದಿನ ತಮ್ಮನನ್ನು ಭೇಟಿಯಾಗಲು ಅವನ ಮನೆಗೆ ಹೋದವರು ಇಡೀ ಪೂರ್ವ ಜರ್ಮನಿಯಲ್ಲಿ ಹೆಲ್ಮಾರ್ ಟ್ರೊಮ್ಮರ್ ಒಬ್ಬರೇ ಇರಬೇಕು. ಊರಿಗೂರೇ ಪಶ್ಚಿಮಕ್ಕೆ ಹೊರಟಾಗ ಆ ಮನುಷ್ಯ ಕಾರು ಕೊಡಲು ಹಾಲೆಗೆ ಹೊರಟಿದ್ದರು.

"ಮತ್ತೆ ಬರಬಹುದಿತ್ತು," ಎಂದರು ಏಗೊನ್. ದನಿ ಮೇಜಿನಾಚೆಗೆ ಹೋಗಲಿಲ್ಲ.

"ಮರುವರ್ಷ ಪಶ್ಚಿಮದ ಕಾರು ಬಂದ್ಮೇಲೆ ಆ ಕಾರನ್ನ ಜನ ಬೀದೀಲಿ ಬಿಟ್ಟು ಓಡಿಹೋಗ್ತಿದ್ರು. ಪುಕ್ಕಟೆ ಕೊಟ್ರೂ ಬೇಡ ಅಂತಿದ್ರು. ಆಗ ತಂದುಕೊಟ್ಟಿದ್ರೆ ನೀನೇನಂತಿದ್ದೆ?"

ಏಗೊನ್ ಪ್ರಾಮಾಣಿಕವಾಗಿ ಯೋಚಿಸಿದರು. "ಅವಮಾನ ಮಾಡೋಕೆ ಕಸ ತಂದ ಅಂತಿದ್ದೆ."

"ಹೆಲ್ಮಾರ್ ಕೂಡ ಅದನ್ನೇ ಅಂದ. ಕೊಡೋ ಕಾಲ ದಾಟಿಹೋಯ್ತು ಅಂದ. ತೋಟಕ್ಕೆ ಒಯ್ದು ನಿಲ್ಲಿಸಿದ. ಗಾಜಿನೊಳಗೆ ಬೆಚ್ಚಗಿರತ್ತೆ ಅಂತ ಸೀಟು ತೆಗೆದು ಟೊಮ್ಯಾಟೊ ಸಸಿ ಇಡ್ತಿದ್ದ. ನಿನ್ನ ಕಾರಿನ ಟೊಮ್ಯಾಟೊ ಮೂವತ್ತು ವರ್ಷ ತಿಂದ್ವಪ್ಪ ನಾವು."

"ನೀನಾದ್ರೂ ಹೇಳ್ಬಹುದಿತ್ತಲ್ಲ, ರೋಸ್ವಿಟಾ."

"ಆಣೆ ಹಾಕಿಸ್ಕೊಂಡಿದ್ದ. ಅವನು ಇರೋವರೆಗೂ ಹೇಳ್ಕೂಡದು ಅಂತ. ಟ್ರೊಮ್ಮರ್ ಮನೆ ಗಂಡಸರ ಹಠ ಗೊತ್ತಿದ್ದೂ ಯಾಕೆ ಮದುವೆಯಾದೆ ಅಂತ ಬೇಕಾದ್ರೆ ಕೇಳು, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ." ಅವರು ತಟ್ಟೆ ಎತ್ತಿಕೊಂಡು ತೊಟ್ಟಿಯ ಕಡೆ ತಿರುಗಿದರು. ಅಲ್ಲಿ ಬಹಳ ಹೊತ್ತು ಒಂದೇ ತಟ್ಟೆಯನ್ನು ತೊಳೆದರು.

ಶುಕ್ರವಾರ ಸ್ಮಶಾನದ ಪ್ರಾರ್ಥನಾಮಂದಿರದಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಹೆಚ್ಚಿನವರು ಅಕ್ಕಪಕ್ಕದ ತೋಟದವರು, ಉಗುರಿನ ಸಂದಿಯ ಮಣ್ಣು ಹೋಗದ ಮುದುಕರು. ಮೇಜಿನ ಮೇಲೆ ಹೆಲ್ಮಾರ್‌ರ ಬೂದಿಯಿದ್ದ ಕಲಶ, ಅದರ ಸುತ್ತ ಹಸಿರು ಸೊಪ್ಪು. ಏಗೊನ್ ಕಪ್ಪು ರಟ್ಟಿನ ಕಡತ ತೆರೆದರು.

"ಶೋಕತಪ್ತ ಬಂಧುಗಳೇ," ಎಂದರು. ದನಿ ಎಂದಿನಂತೆ ಕೊನೆಯ ಬೆಂಚಿನವರೆಗೆ ಹೋಗಿ ಬಂತು. ಮೊದಲ ಸಾಲಿನಲ್ಲಿ ರೋಸ್ವಿಟಾ ಕೂತಿದ್ದರು, ಅವರ ಪಕ್ಕದ ಜಾಗ ಖಾಲಿ. ಬಂಧುಗಳೇ ಎಂದು ಕರೆದರೆ ಇಲ್ಲಿ ಇರುವ ಇನ್ನೊಬ್ಬ ಬಂಧು ತಾನೇ ಎಂಬುದು ಏಗೊನ್‌ಗೆ ಆಗ ಹೊಳೆಯಿತು. ಮುಂದಿನ ಸಾಲು ಮಣ್ಣಿನ ಭಾಷೆಯದು. ಅದನ್ನು ಒಮ್ಮೆ ನೋಡಿದರು, ಓದಲಿಲ್ಲ.

"ಇವನು ನನ್ನಣ್ಣ," ಎಂದರು. "ನಾವಿಬ್ರೂ ಮೂವತ್ತು ವರ್ಷ ಮಾತಾಡ್ಲಿಲ್ಲ. ಒಂದು ಟ್ರಾಬಿ ಸರದಿ ವಿಷಯಕ್ಕೆ."

ಹಿಂದಿನ ಬೆಂಚಿನಿಂದ ಒಬ್ಬ ಮುದುಕನ ದನಿ ಬಂತು, "ಎಷ್ಟು ವರ್ಷದ ಸರದಿ?"

"ಹದಿನಾಲ್ಕು."

"ಪರವಾಗಿಲ್ಲ. ನಂದು ಹದಿನಾರು."

"ನಂದು ಇನ್ನೂ ಬರ್ಬೇಕು," ಎಂದ ಇನ್ನೊಬ್ಬ. ಜನ ನಕ್ಕರು. ಸಾವಿನ ಮನೆಯಲ್ಲಿ ನಗುವವರಂತೆ ಕರವಸ್ತ್ರ ಅಡ್ಡ ಹಿಡಿದು ನಕ್ಕರು. ರೋಸ್ವಿಟಾ ಕೂಡ ನಕ್ಕು, ಅದೇ ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡರು. ಏಗೊನ್ ಆ ಶನಿವಾರದ ಕಥೆ ಹೇಳಿದರು. ಚೆನ್ನಾಗಿ ಹೇಳಲಿಲ್ಲ. ಎರಡು ಕಡೆ ಹಿಂದುಮುಂದಾಯಿತು, ಒಂದು ಕಡೆ ನೀರು ಕುಡಿಯಬೇಕಾಯಿತು. ಅಣ್ಣ ಕಾರಿನಲ್ಲಿ ಕತ್ತಲಾಗುವವರೆಗೆ ಕಾದದ್ದನ್ನು ಹೇಳುವಾಗ ಯಾರೂ ನಗಲಿಲ್ಲ. ಕೊನೆಗೊಂದು ನೀತಿಮಾತು ಸಿಗಬಹುದೆಂದು ಹುಡುಕಿದರು, ಸಿಗದೆ ಕಡತ ಮುಚ್ಚಿದರು.

ಗೋರಿಯ ಬಳಿ ಕಲಶವನ್ನು ಕೆಳಗಿಳಿಸಿದ ಮೇಲೆ ಏಗೊನ್ ರೂಢಿಯಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಟೋಪಿ ಕೈಯಲ್ಲಿ ಹಿಡಿದು, ಒಂದು ಮರದ ಕೆಳಗೆ ನಿಂತರು. ಭಾಷಣಕಾರನ ಜಾಗ ಅದು. ಅಲ್ಲಿಂದ ಮೆಲ್ಲನೆ ಗೇಟಿನ ಕಡೆ ನಡೆದುಬಿಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ರೋಸ್ವಿಟಾ ಮೂರು ಸಲ ಮಣ್ಣು ಹಾಕಿದರು. ಹಾಕಿ, ಸಣ್ಣ ಸಲಿಕೆಯನ್ನು ಮುಂದಿನವರಿಗೆ ಕೊಡದೆ ಹಾಗೇ ಹಿಡಿದು ನಿಂತರು. ಹಿಂದೆ ಜನ ಕಾದರು. ಚಳಿಗೆ ಯಾರೋ ಕಾಲು ಬದಲಿಸಿದರು, ಯಾರೋ ಕೆಮ್ಮಿದರು. ರೋಸ್ವಿಟಾ ಕತ್ತೆತ್ತಿ ಎತ್ತಲೂ ನೋಡಲಿಲ್ಲ, ಸಲಿಕೆಯನ್ನೂ ಬಿಡಲಿಲ್ಲ.

ಏಗೊನ್ ಮರದ ಕೆಳಗಿನಿಂದ ಬಂದು ಸಲಿಕೆ ತೆಗೆದುಕೊಂಡರು. ಮಣ್ಣು ಹಾಕಿ ಅತ್ತಿಗೆಯ ಪಕ್ಕಕ್ಕೆ ಹೋಗಿ ನಿಂತರು.

ಆಗ ಜನ ಒಬ್ಬೊಬ್ಬರಾಗಿ ಬಂದು ಮನೆಯವರ ಕೈ ಹಿಡಿಯತೊಡಗಿದರು. ಇಷ್ಟು ವರ್ಷ ಸಾವಿರಾರು ಸಂತಾಪಗಳ ಪಕ್ಕದಲ್ಲೇ ನಿಂತಿದ್ದರೂ ಏಗೊನ್‌ರ ಕೈಗೆ ಅವುಗಳಲ್ಲಿ ಒಂದೂ ಬಂದಿರಲಿಲ್ಲ. ಹಿಂದಿನ ಬೆಂಚಿನ, ಹದಿನಾರು ವರ್ಷ ಸರದಿ ಕಾದ ಮುದುಕ ಮುಂದೆ ಬಂದು, ಒರಟು ಎರಡೂ ಕೈಯಲ್ಲಿ ಅವರ ಕೈ ಹಿಡಿದು, "ಒಳ್ಳೆ ಮನುಷ್ಯ ಕಣ್ರೀ. ನಿಮ್ಮಣ್ಣ ಹೋದ್ರಲ್ಲ," ಎಂದ.

ಅದಕ್ಕೆ ಏನನ್ನಬೇಕೆಂದು ಏಗೊನ್ ಅದೆಷ್ಟೋ ಜನಕ್ಕೆ ಕಲಿಸಿಕೊಟ್ಟಿದ್ದರು. ಈಗ ಬಾಯಿಗೆ ಬಂದದ್ದು ಇಷ್ಟೇ:

"ಹೌದು. ಹೋದ."

ಮುದುಕ ತಲೆಯಾಡಿಸಿ ಕೈ ಬಿಟ್ಟ. ಅವನ ಹಿಂದೆ ಇನ್ನೂ ಬಹಳ ಜನ ಇದ್ದರು. ರೋಸ್ವಿಟಾ ಮೈದುನನತ್ತ ತಿರುಗದೆ, ಮುಂದಿನವರ ಕೈ ಹಿಡಿಯುತ್ತಲೇ, ಮೆಲ್ಲಗೆ ಹೇಳಿದರು, "ಟೋಪಿ ಹಾಕ್ಕೋ ಏಗೊನ್. ಥಂಡಿ ಇದೆ."